ಕಥೆಯಿಂದ ಕಾಗುಣಿತಕ್ಕೆ: ಮಕ್ಕಳ ಸಾಹಿತ್ಯದ ಉಕ್ತಲೇಖನದ ಮೂಲಕ ಶುದ್ಧ ಬರವಣಿಗೆ ಕಲಿಸುವ ಕ್ರಮ

ಉಕ್ತಲೇಖನವನ್ನು ನಮ್ಮ ಅನೇಕ ಶಾಲೆಗಳಲ್ಲಿ ಪರೀಕ್ಷೆಯಂತೆ ನಡೆಸಲಾಗುತ್ತದೆ. ಶಿಕ್ಷಕರು ಹತ್ತು ಬಿಡಿ ಪದಗಳನ್ನು ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ, ಕೆಂಪು ಶಾಯಿಯ ಗುರುತುಗಳು ಬೀಳುತ್ತವೆ, ಹತ್ತಕ್ಕೆ ಐದೋ ಆರೋ ಅಂಕ ಸಿಗುತ್ತದೆ, ತಪ್ಪಿದ ಪದವನ್ನು ಮನೆಯಲ್ಲಿ ಹಲವು ಸಲ ಬರೆದುಕೊಂಡು ಬರುವಂತೆ ಹೇಳುವಲ್ಲಿಗೆ ಪಾಠ ಮುಗಿಯುತ್ತದೆ. ಈ ಕ್ರಮದಿಂದ ಯಾವ ಮಗುವಿಗೆ ಕಾಗುಣಿತ ಈಗಾಗಲೇ ಬರುತ್ತದೆ ಎಂಬುದು ಗೊತ್ತಾಗುತ್ತದೆಯೇ ಹೊರತು, ಬಾರದ ಮಗುವಿಗೆ ಅದು ಬರುವುದಿಲ್ಲ. ಇಲ್ಲಿ ವಿವರಿಸುವ ಕ್ರಮದಲ್ಲಿ ಮಗು ಮೊದಲು ಒಂದು ಒಳ್ಳೆಯ ಕಥೆಯ ಭಾಗವನ್ನು ಕೇಳುತ್ತದೆ, ಕಣ್ಣಾರೆ ನೋಡುತ್ತದೆ, ಅದರ ಕಠಿಣ ಪದಗಳನ್ನೂ ಲೇಖನ ಚಿಹ್ನೆಗಳನ್ನೂ ಶಿಕ್ಷಕರೊಂದಿಗೆ ಬಿಡಿಸಿ ಅರಿಯುತ್ತದೆ, ಆ ನಂತರವೇ ಲೇಖನಿ ಹಿಡಿಯುತ್ತದೆ. ತಪ್ಪು ಬರೆದ ಮೇಲೆ ತಿದ್ದುವುದಕ್ಕಿಂತ ತಪ್ಪು ಬರೆಯದಂತೆ ಮೊದಲೇ ಸಿದ್ಧಪಡಿಸುವುದು ಇದರ ತಿರುಳು.

ಸಿದ್ಧಪಡಿಸಿದ ಉಕ್ತಲೇಖನ ಹೊಸದೇನಲ್ಲ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ (1842–1923) ಇದನ್ನೇ ಪ್ರತಿಪಾದಿಸಿದ್ದರು. ತಪ್ಪಾಗಿ ಬರೆದ ಪದದ ರೂಪ ಮಗುವಿನ ಕಣ್ಣಿನಲ್ಲಿ ಉಳಿಯಬಾರದೆಂದು ಅದರ ಮೇಲೆ ಕಾಗದದ ತುಂಡು ಅಂಟಿಸಿ ಮುಚ್ಚಬೇಕೆಂದೂ ಅವರು ಹೇಳಿದ್ದರು. ಅವರ ಮುಂದಿದ್ದದ್ದು ಉಚ್ಚಾರಣೆಗೂ ಬರಹಕ್ಕೂ ದೂರವಿರುವ ಇಂಗ್ಲಿಷ್. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ನಮಗೆ ಇದರ ಅಗತ್ಯವಿಲ್ಲ ಎಂದು ಹೇಳುವವರಿದ್ದಾರೆ. ಬರೆದಂತೆ ಓದುತ್ತೇವೆ ಎಂಬುದು ನಿಜ. ಆದರೆ ಮಾತಾಡಿದಂತೆ ಬರೆಯುವುದಿಲ್ಲ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಯ ಮಗು ಮನೆಯಲ್ಲಿ ಕೇಳುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ಅಂತರ ಸಣ್ಣದಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಗಳ ಕಡೆಯ ಎಷ್ಟೋ ಮನೆಗಳಲ್ಲಿ ಕೇಳಿಬರುವುದು ಕನ್ನಡವೇ ಅಲ್ಲ, ತೆಲುಗು. ಈ ಅಂತರವನ್ನು ದಾಟಿಸಲು ಕಥೆಗಿಂತ ಉತ್ತಮ ಸಾಧನ ನನಗೆ ಕಂಡಿಲ್ಲ.

ಭಾಗವನ್ನು ಆರಿಸುವುದು

ಬಿಡಿ ಪದಗಳ ಪಟ್ಟಿಗಿಂತ ಕಥೆಯ ಭಾಗ ಮೇಲು. ಬಿಡಿ ಪದದಲ್ಲಿ ವಿಭಕ್ತಿ ಪ್ರತ್ಯಯವಿಲ್ಲ, ಸಂಧಿಯಿಲ್ಲ, ಅಲ್ಪವಿರಾಮವಿಲ್ಲ. ‘ಪ್ರಾಣಿ’ ಎಂದು ಸರಿಯಾಗಿ ಬರೆಯಬಲ್ಲ ಮಗುವೇ ‘ಪ್ರಾಣಿಯೊಂದು’ ಎಂಬಲ್ಲಿ ತಡವರಿಸುತ್ತದೆ. ಕನ್ನಡದ ಕಾಗುಣಿತದ ಕಷ್ಟಗಳು ಬಹುಪಾಲು ಪದ ಪದಕ್ಕೆ ಸೇರುವಲ್ಲಿಯೇ ಇವೆ, ಮತ್ತು ಅದು ವಾಕ್ಯದಲ್ಲಿ ಮಾತ್ರ ಸಿಗುತ್ತದೆ.

ಯಾರ ಬರಹವನ್ನು ಆರಿಸಬೇಕು? ಪ್ರಾಥಮಿಕ ತರಗತಿಗಳಿಗೆ ನಾನು ಮೊದಲು ಸೂಚಿಸುವುದು ಪಂಜೆ ಮಂಗೇಶರಾಯರ (1874–1937) ಮಕ್ಕಳ ಕಥೆಗಳನ್ನು. ಅವರು ಸ್ವತಃ ಉಪಾಧ್ಯಾಯರೂ ಶಾಲಾ ಇನ್ಸ್‌ಪೆಕ್ಟರೂ ಆಗಿದ್ದವರು. ಮಕ್ಕಳ ಕಿವಿಗೆ ಯಾವ ವಾಕ್ಯ ಹಿಡಿಯುತ್ತದೆ ಎಂಬುದನ್ನು ಬಲ್ಲವರು. ಅವರ ಕಥೆಗಳಲ್ಲಿ ವಾಕ್ಯಗಳು ಚಿಕ್ಕವು, ಮಾತುಕತೆ ಹೆಚ್ಚು, ಒಂದೇ ಪದಗುಚ್ಛ ಮರಳಿ ಮರಳಿ ಬರುತ್ತದೆ, ಮತ್ತು ಈ ಮೂರೂ ಉಕ್ತಲೇಖನಕ್ಕೆ ಬೇಕಾದ ಗುಣಗಳೇ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಉಳಿಯುವುದಿಲ್ಲವಾದ್ದರಿಂದ, ಪಂಜೆಯವರು ಬರೆದದ್ದನ್ನು ಪ್ರತಿ ಮಾಡಿ ಮಕ್ಕಳಿಗೆ ಹಂಚಲು ಯಾವ ಅಡ್ಡಿಯೂ ಇಲ್ಲ. ಪಂಚತಂತ್ರದ ಕಥೆಗಳು ಮೂರರಿಂದ ಐದನೆಯ ತರಗತಿಯವರೆಗೆ ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಅಲ್ಲಿ ಪ್ರಾಣಿಗಳು ಸದಾ ಒಂದರೊಡನೊಂದು ಮಾತಾಡುತ್ತಿರುತ್ತವೆ ಮತ್ತು ಉದ್ಧರಣ ಚಿಹ್ನೆಯನ್ನು ಕಲಿಸಲು ಮಾತುಕತೆ ಬೇಕೇ ಬೇಕು. ಆರು ಮತ್ತು ಏಳನೆಯ ತರಗತಿಗೆ ಶಿವರಾಮ ಕಾರಂತರು ಮೂರು ಸಂಪುಟಗಳಲ್ಲಿ ಹೊರತಂದ ‘ಬಾಲ ಪ್ರಪಂಚ’ದಂತಹ ವಿವರಣೆಯ ಗದ್ಯ ಒಳ್ಳೆಯದು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಮಕ್ಕಳಿಗಾಗಿಯೇ ಬರೆದವರಲ್ಲದಿದ್ದರೂ, ಅವರ ಸಣ್ಣಕಥೆಗಳ ತಿಳಿಯಾದ ವಾಕ್ಯಗಳಲ್ಲಿ ಏಳನೆಯ ತರಗತಿಯ ಮಗುವಿಗೆ ಎಟುಕುವಂಥವು ಬೇಕಾದಷ್ಟಿವೆ. ತನ್ನದೇ ಜಿಲ್ಲೆಯ ಲೇಖಕರ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು ಮಗುವಿಗೆ ಹೆಮ್ಮೆಯ ವಿಷಯವೂ ಹೌದು.

ಪದ್ಯದಿಂದ ಆರಂಭಿಸಬೇಡಿ. ಪದ್ಯ ಬಾಯಿಪಾಠಕ್ಕೆ ಸೊಗಸು. ಆದರೆ ಪ್ರಾಸಕ್ಕಾಗಿ ಪದ ಕುಗ್ಗುತ್ತದೆ, ಹಿಗ್ಗುತ್ತದೆ, ಕ್ರಿಯಾಪದ ವಾಕ್ಯದ ನಡುವೆ ಬಂದು ಕೂರುತ್ತದೆ, ವಿರಾಮ ಸಾಲಿನ ಕೊನೆಗೆ ಅಂಟಿಕೊಳ್ಳುತ್ತದೆ. ಪೂರ್ಣವಿರಾಮ ಎಲ್ಲಿ ಬೀಳಬೇಕು ಎಂಬ ಅರಿವು ಗದ್ಯದಲ್ಲಿ ಗಟ್ಟಿಯಾದ ಮೇಲೆ ಕುವೆಂಪು ಅವರ ಕಿಂದರಿಜೋಗಿಯಂತಹ ಕಥನಕವನದ ಸಾಲುಗಳನ್ನು ಕೊಡಬಹುದು.

ಉದ್ದದ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಕನ್ನಡದ ಒಂದು ಪದದೊಳಗೆ ಎರಡು ಮೂರು ಪ್ರತ್ಯಯಗಳು ಅಡಗಿರುತ್ತವೆ. ಎರಡು, ಮೂರನೆಯ ತರಗತಿಗೆ ಹತ್ತು ಹನ್ನೆರಡು ಪದಗಳ ಎರಡು ವಾಕ್ಯ ಸಾಕು. ನಾಲ್ಕು, ಐದನೆಯ ತರಗತಿಗೆ 30ರಿಂದ 40 ಪದ. ಆರು, ಏಳಕ್ಕೆ 60ರಿಂದ 80 ಪದ. ಅದಕ್ಕಿಂತ ಹೆಚ್ಚಾದರೆ ಕೊನೆಯ ವಾಕ್ಯಗಳಲ್ಲಿ ಬೀಳುವ ತಪ್ಪು ಅರಿಯದ್ದರಿಂದಲ್ಲ, ಕೈ ಸೋತದ್ದರಿಂದ.

ಆರಿಸಿದ ಭಾಗವನ್ನು ತರಗತಿಗೆ ಒಯ್ಯುವ ಮುನ್ನ ನೀವೇ ಒಮ್ಮೆ ಪರಿಶೀಲಿಸಿ. ಅಗ್ಗದ ಮರುಮುದ್ರಣಗಳಲ್ಲಿ ಅಚ್ಚಿನ ತಪ್ಪುಗಳಿರುತ್ತವೆ. ಹಳೆಯ ಪುಸ್ತಕಗಳಲ್ಲಿ ‘ಧರ್ಮ್ಮ’ ಎಂಬಂತೆ ರೇಫದ ಮುಂದಿನ ಅಕ್ಷರ ದ್ವಿತ್ವವಾಗಿರುವುದನ್ನೂ ಕಾಣಬಹುದು. ಅಂಥದ್ದನ್ನು ಇಂದಿನ ಪಠ್ಯಪುಸ್ತಕದ ರೂಪಕ್ಕೆ ತಂದುಕೊಳ್ಳಿ. ಆದರೆ ಲೇಖಕರು ‘ಕತೆ’ ಎಂದು ಬರೆದಿದ್ದರೆ ಅದನ್ನು ‘ಕಥೆ’ ಎಂದು ಬದಲಿಸಬೇಡಿ. ಎರಡೂ ಸರಿಯಾದ ರೂಪಗಳೇ. ಈ ಭಾಗದಲ್ಲಿ ಬರೆಯಬೇಕಾದದ್ದು ಲೇಖಕರ ರೂಪ ಎಂದು ಮಕ್ಕಳಿಗೆ ಹೇಳಿದರೆ ಸಾಕು.

ಕಿವಿ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ

ಭಾಗವನ್ನು ಆರಿಸಿದ ಮೇಲೆ ಅದರಲ್ಲಿನ ಪದಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಿ. ಇದು ಶಿಕ್ಷಕರ ಮನೆಗೆಲಸ, ಮತ್ತು ಇಡೀ ಕ್ರಮದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ ಎಂದು ನನ್ನ ಭಾವನೆ.

ಮೊದಲನೆಯ ಬಗೆ, ಗಮನವಿಟ್ಟು ಕೇಳಿದರೆ ಸರಿಯಾಗಿ ಬರೆಯಬಲ್ಲ ಪದಗಳು. ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು, ಗಡಿ ಮತ್ತು ಗಾಡಿ ಇಂಥವು. ಹ್ರಸ್ವ ದೀರ್ಘಗಳ ವ್ಯತ್ಯಾಸ ಎಲ್ಲರ ಮಾತಿನಲ್ಲೂ ಇದೆ. ಮಗುವಿಗೆ ಅದು ಕೇಳಿಸುತ್ತದೆ. ಇಲ್ಲಿ ಬೇಕಾದದ್ದು ಅಭ್ಯಾಸ ಮಾತ್ರ. ಅರ್ಕಾವೊತ್ತನ್ನೂ ನಾನು ಇದೇ ಗುಂಪಿಗೆ ಸೇರಿಸುತ್ತೇನೆ, ಒಂದು ಎಚ್ಚರಿಕೆಯೊಂದಿಗೆ: ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಆದರೆ ಅದರ ಗುರುತು ಯಕಾರದ ನಂತರ ಬೀಳುತ್ತದೆ. ಆದ್ದರಿಂದಲೇ ಮಕ್ಕಳು ‘ಸೂಯ್ರ’ ಎಂದು ಬರೆಯುತ್ತಾರೆ. ‘ಕರ್ನಾಟಕ’ ಮತ್ತು ‘ಚಕ್ರ’ ಎಂಬ ಎರಡು ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು, ಯಾವುದರಲ್ಲಿ ರಕಾರ ಮೊದಲು ಕೇಳಿಸುತ್ತದೆ, ಯಾವುದರಲ್ಲಿ ನಂತರ ಕೇಳಿಸುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ.

ಎರಡನೆಯ ಬಗೆ, ನಮ್ಮ ಕಡೆಯ ಮಾತಿನ ರೂಢಿಯಿಂದಾಗಿ ಕಿವಿ ದಾರಿ ತಪ್ಪಿಸುವ ಪದಗಳು. ಅವುಗಳಲ್ಲಿ ಮೊದಲನೆಯದು ಹಕಾರ. ಹಳ್ಳಿಯ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹಕ್ಕಿ ‘ಅಕ್ಕಿ’ ಆಗುತ್ತದೆ; ಶಾಲೆಯಲ್ಲಿ ತಿದ್ದಿಸಿಕೊಂಡು ತಿದ್ದಿಸಿಕೊಂಡು ಹೆದರಿದ ಮಗು ಕೊನೆಗೆ ‘ಆನೆ’ಯನ್ನೂ ‘ಹಾನೆ’ ಎಂದು ಬರೆಯತೊಡಗುತ್ತದೆ. ಶಿಕ್ಷಕರು ಹಕಾರವನ್ನು ಒತ್ತಿ ಒತ್ತಿ ಉಚ್ಚರಿಸುವುದರಿಂದ ಆ ದಿನದ ಉಕ್ತಲೇಖನವೇನೋ ಸರಿಯಾಗುತ್ತದೆ, ಮರುದಿನ ಮಗು ತಾನಾಗಿ ಬರೆಯುವಾಗ ಹಳೆಯ ತಪ್ಪು ಮರಳುತ್ತದೆ.

ಗಡಿ ತಾಲ್ಲೂಕುಗಳ ತೆಲುಗು ಮನೆಮಾತಿನ ಮಕ್ಕಳ ಬಳಿ ಇದಕ್ಕೊಂದು ಕೀಲಿಕೈ ಈಗಾಗಲೇ ಇದೆ, ಮತ್ತು ಅದನ್ನು ಬಳಸದಿರುವುದು ದೊಡ್ಡ ನಷ್ಟ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು; ತೆಲುಗಿನಲ್ಲಿ ಅದು ಪಕಾರವಾಗಿಯೇ ಉಳಿಯಿತು. ಆದ್ದರಿಂದ ಹಾಲು ತೆಲುಗಿನಲ್ಲಿ ಪಾಲು, ಹುಲಿ ಪುಲಿ, ಹಂದಿ ಪಂದಿ, ಹತ್ತಿ ಪತ್ತಿ, ಹಾವು ಪಾಮು, ಹಣ್ಣು ಪಂಡು, ಹೂವು ಪುವ್ವು, ಹಳ್ಳಿ ಪಲ್ಲೆ. ಬಾಗೇಪಲ್ಲಿಯ ಕೊನೆಯಲ್ಲಿರುವುದೂ ಈ ಪಕಾರವೇ. ಹಕಾರ ಬರೆಯಬೇಕೋ ಬಾರದೋ ಎಂದು ಮಗು ಅನುಮಾನಿಸಿದಾಗ, “ಇದನ್ನು ನಿಮ್ಮ ಮನೆಯಲ್ಲಿ ಏನನ್ನುತ್ತಾರೆ, ಮಗು?” ಎಂದು ಕೇಳಿ. ಮನೆಯ ಪದ ಪಕಾರದಿಂದ ಆರಂಭವಾದರೆ ಕನ್ನಡದಲ್ಲಿ ಹಕಾರ ಬರೆಯಬೇಕು. ಮನೆಯ ಪದವೂ ಸ್ವರದಿಂದಲೇ ಆರಂಭವಾದರೆ, ಅಂದರೆ ಊರು, ಆಟ, ಅಕ್ಕ, ಉಪ್ಪು, ಆರು ಇಂಥ ಎರಡೂ ಭಾಷೆಗೆ ಸೇರಿದ ಪದಗಳಾದರೆ, ಹಕಾರ ಬೇಡ. ಹೃದಯ, ಹಿತ, ಹಸ್ತ ಮೊದಲಾದ ಸಂಸ್ಕೃತ ಪದಗಳಿಗೆ ಈ ಉಪಾಯ ನಡೆಯುವುದಿಲ್ಲ. ತೆಲುಗಿನಲ್ಲಿ ಬೇರೆಯೇ ಪದವಿರುವ ಕಡೆಯೂ ನಡೆಯುವುದಿಲ್ಲ. ಆದರೂ ಮಕ್ಕಳ ಕಥೆಗಳಲ್ಲಿ ಬರುವ ಎಷ್ಟೋ ದಿನಬಳಕೆಯ ಪದಗಳು ಇದರಿಂದ ಬಗೆಹರಿಯುತ್ತವೆ. ಇದಕ್ಕಿಂತ ಮಿಗಿಲಾದ ಲಾಭ ಇನ್ನೊಂದಿದೆ: ಮನೆಮಾತು ತನ್ನ ಕನ್ನಡಕ್ಕೆ ತೊಡಕೆಂದು ನಂಬಿದ್ದ ಮಗುವಿಗೆ ಅದು ನೆರವು ಎಂಬುದು ತರಗತಿಯ ಎದುರಿಗೇ ತಿಳಿಯುತ್ತದೆ.

ಣಕಾರ, ಳಕಾರಗಳಲ್ಲಿ ಇದೇ ತೆಲುಗು ನೆರವಾಗುವುದಿಲ್ಲ. ಕಣ್ಣು ಅಲ್ಲಿ ಕನ್ನು, ಮಣ್ಣು ಮನ್ನು, ಬೆಣ್ಣೆ ವೆನ್ನ, ಹಳ್ಳಿ ಪಲ್ಲೆ. ಹೀಗಾಗಿ ‘ಕನ್ನು’, ‘ಬೆನ್ನೆ’, ‘ಹಲ್ಲಿ’ ಎಂಬ ಬರವಣಿಗೆ ಬರುತ್ತದೆ. ಇಲ್ಲಿ ಅರ್ಥಭೇದವೇ ಆಧಾರ. ಮನೆ ಮತ್ತು ಮಣೆ, ಕಲೆ ಮತ್ತು ಕಳೆ, ಹಲ್ಲಿ ಮತ್ತು ಹಳ್ಳಿ ಎಂಬ ಜೋಡಿಗಳನ್ನು ಒಂದೇ ವಾಕ್ಯದಲ್ಲಿ ತಂದು ಹೇಳಿ ಬರೆಸಿ: ‘ಹಳ್ಳಿಯ ಮನೆಯ ಗೋಡೆಯ ಮೇಲೆ ಹಲ್ಲಿ ಇತ್ತು.’ ಮಗು ಮೊದಲು ಆ ವಾಕ್ಯವನ್ನು ಬಾಯಲ್ಲಿ ಸ್ಪಷ್ಟವಾಗಿ ಹೇಳಲಿ. ನಾಲಿಗೆ ಮಡಿಚದ ಮಗುವಿನ ಕೈ ಳಕಾರ ಬರೆಯುವುದಿಲ್ಲ.

ಮೂರನೆಯ ಬಗೆ, ಎಷ್ಟು ಗಮನವಿಟ್ಟರೂ ಕಿವಿಗೆ ಸಿಗದ ಪದಗಳು. ಇವನ್ನು ಕಣ್ಣಿನಿಂದಲೇ ಕಲಿಯಬೇಕು. ವಟ್ರಸುಳಿ ಇಂಥದ್ದು: ‘ಕೃಷಿ’ಯನ್ನು ನಾವೆಲ್ಲರೂ ‘ಕ್ರುಷಿ’ ಎಂದೇ ಉಚ್ಚರಿಸುತ್ತೇವೆ. ಶಕಾರ, ಷಕಾರಗಳ ಭೇದವೂ ಬಹುತೇಕ ಮಾತಿನಲ್ಲಿ ಉಳಿದಿಲ್ಲ. ಶಿಡ್ಲಘಟ್ಟದ ಕಡೆಯ ಮಗು ‘ರೇಷ್ಮೆ’ ಎಂಬ ಪದವನ್ನು ಗೂಡಿನ ಮಾರುಕಟ್ಟೆಯ ಫಲಕದ ಮೇಲೆ ನೋಡುತ್ತಲೇ ಬೆಳೆಯುತ್ತದೆ. ಆ ಫಲಕವನ್ನೇ ಪಾಠವಾಗಿ ಬಳಸಿ, ಷಕಾರದ ಕೆಳಗೆ ಮಕಾರದ ಒತ್ತು ಹೇಗೆ ಕುಳಿತಿದೆ ಎಂದು ನೋಡಿಕೊಂಡು ಬರಲು ಹೇಳಿ. ಮಹಾಪ್ರಾಣಗಳಿಗೆ ಒಂದು ಸರಳ ಆಧಾರವಿದೆ. ಅಚ್ಚಕನ್ನಡದ ಪದಗಳಲ್ಲಿ ಬಹುಮಟ್ಟಿಗೆ ಮಹಾಪ್ರಾಣವಿಲ್ಲ. ಆದ್ದರಿಂದ ಮುದ್ದೆ, ಗದ್ದೆ, ಎದ್ದು, ಬಿದ್ದು, ಉದ್ದ ಇವುಗಳಲ್ಲಿ ದಕಾರಕ್ಕೆ ದಕಾರದ ಒತ್ತು. ಸಂಸ್ಕೃತದಿಂದ ಬಂದ ಬುದ್ಧಿ, ಯುದ್ಧ, ಶುದ್ಧ, ಪ್ರಸಿದ್ಧ ಇವುಗಳಲ್ಲಿ ದಕಾರಕ್ಕೆ ಧಕಾರದ ಒತ್ತು. ‘ವಿದ್ಯಾರ್ಥಿ’ಯಲ್ಲಿ ಎಲ್ಲಿಯೂ ಧಕಾರವಿಲ್ಲ, ‘ಅಧ್ಯಕ್ಷ’ರಲ್ಲಿ ಇದೆ, ‘ಹಾರ್ದಿಕ’ದಲ್ಲಿ ಇಲ್ಲ. ಈ ಮೂರನ್ನೂ ತಪ್ಪಾಗಿ ಬರೆದ ಬ್ಯಾನರುಗಳು ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ವರ್ಷವಿಡೀ ತೂಗಾಡುವುದರಿಂದ ಶಿಕ್ಷಕರು ಇವನ್ನು ಬೇಗನೆ, ನಾಲ್ಕನೆಯ ತರಗತಿಯಲ್ಲಿಯೇ, ಮಕ್ಕಳ ಕಣ್ಣಿಗೆ ಸರಿಯಾದ ರೂಪದಲ್ಲಿ ಹಾಕುವುದು ಒಳ್ಳೆಯದು.

ಒಂದು ಭಾಗವನ್ನು ಸಿದ್ಧಪಡಿಸುವ ಬಗೆ

ಕ್ರಮವನ್ನು ತೋರಿಸಲು ಕೆಳಗಿನ ನಾಲ್ಕು ವಾಕ್ಯಗಳನ್ನು ನಾನೇ ಬರೆದಿದ್ದೇನೆ. ನೀವು ಇದರ ಜಾಗದಲ್ಲಿ ನಿಮ್ಮ ಆಯ್ಕೆಯ ಕಥೆಯ ಭಾಗವನ್ನು ಇಟ್ಟುಕೊಳ್ಳಿ.

“ಅಜ್ಜಿ, ಹುಲಿ ಹಳ್ಳಿಗೆ ಬಂದಿದೆಯಂತೆ, ನಿಜವೇ?” ಎಂದು ಮೊಮ್ಮಗಳು ಕೇಳಿದಳು. ಅಜ್ಜಿ ಹಾಲಿನ ಪಾತ್ರೆಯನ್ನು ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಬಾಗಿಲ ಬಳಿ ಹೋಗಿ ನೋಡಿದಳು. ಹೊಲದ ಅಂಚಿನಲ್ಲಿ ಹಳದಿ ಬಣ್ಣದ ದೊಡ್ಡ ಪ್ರಾಣಿಯೊಂದು ಮಲಗಿತ್ತು. “ಅಯ್ಯೋ! ಅದು ಹುಲಿಯಲ್ಲ, ಮಗು, ನಮ್ಮ ಹಸುವೇ ಹುಲ್ಲಿನ ಮೇಲೆ ಮಲಗಿದೆ” ಎಂದು ಅಜ್ಜಿ ನಕ್ಕಳು.

ಹಿಂದಿನ ದಿನವೇ ಇಡೀ ಕಥೆಯನ್ನು ಮಕ್ಕಳಿಗೆ ಓದಿ ಹೇಳಿರಬೇಕು. ಅರ್ಥವಾಗದ ವಾಕ್ಯವನ್ನು ಮಗು ಅಕ್ಷರ ಅಕ್ಷರವಾಗಿ ಬರೆಯುತ್ತದೆ, ಅರ್ಥವಾದ ವಾಕ್ಯವನ್ನು ಪದ ಪದವಾಗಿ ಬರೆಯುತ್ತದೆ. ಪಾಠದ ದಿನ ಈ ನಾಲ್ಕು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ದುಂಡಾಗಿ ಬರೆಯಿರಿ. ಮಕ್ಕಳು ಎರಡು ಮೂರು ನಿಮಿಷ ಮೌನವಾಗಿ ನೋಡಿ, ತಮಗೆ ಕಷ್ಟವೆನಿಸಿದ ಪದಗಳನ್ನು ತಾವೇ ಹೇಳಲಿ. ನೀವು ಗುರುತಿಸಿಟ್ಟುಕೊಂಡ ಪದಗಳು ಅವರ ಆಯ್ಕೆಯಲ್ಲಿ ಬಾರದಿದ್ದರೆ ಆಗ ಸೇರಿಸಿ. ಒಟ್ಟು ಆರು ಪದಗಳನ್ನು ಮೀರಬೇಡಿ.

ಒಂದೊಂದು ಪದವನ್ನೂ ಹಳೆಯ ಪದ್ಧತಿಯಲ್ಲಿ ಬಾಯಿಬಿಟ್ಟು ಬಿಡಿಸಿ: ಹಕಾರಕ್ಕೆ ಕೊಂಬು ಹು, ಲಕಾರಕ್ಕೆ ಗುಡಿಸು ಲಿ, ಹುಲಿ. ಗುಡಿಸು, ಕೊಂಬು, ಎತ್ವ, ಒತ್ವ, ದೀರ್ಘ ಎಂಬ ಹೆಸರುಗಳು ಈಗ ಎಷ್ಟೋ ತರಗತಿಗಳಲ್ಲಿ ಮರೆಯಾಗುತ್ತಿವೆ. ಅವು ಇಲ್ಲದಿದ್ದರೆ ಮಗು ತನ್ನ ತಪ್ಪನ್ನು ಹೆಸರು ಹಿಡಿದು ಹೇಳಲಾರದು. “ಇಲ್ಲಿ ದೀರ್ಘ ಬಿಟ್ಟಿದ್ದೇನೆ” ಎಂದು ಹೇಳಬಲ್ಲ ಮಗು ಆ ತಪ್ಪನ್ನು ಅರ್ಧ ಗೆದ್ದಂತೆಯೇ. ಬಿಡಿಸಿದ ಮೇಲೆ ಆ ಪದವನ್ನು ಹಲಗೆಯಿಂದ ಒರೆಸಿ, ಮಕ್ಕಳು ಸ್ಲೇಟಿನ ಮೇಲೆ ನೆನಪಿನಿಂದ ಬರೆಯಲಿ. ಮತ್ತೆ ಹಲಗೆಯ ಮೇಲೆ ಬರೆದು ಹೋಲಿಸಿ ನೋಡಲಿ.

ಈ ಭಾಗದಲ್ಲಿ ಪದಗಳು ಸೇರಿಕೊಂಡ ಮೂರು ಕಡೆಗಳಿಗೆ ವಿಶೇಷ ಗಮನ ಕೊಡಬೇಕು. ‘ಕೆಳಗಿಟ್ಟು’ ಎಂಬಲ್ಲಿ ಕೆಳಗೆ ಮತ್ತು ಇಟ್ಟು ಸೇರಿ ಎಕಾರ ಲೋಪವಾಗಿದೆ. ‘ಪ್ರಾಣಿಯೊಂದು’, ‘ಹುಲಿಯಲ್ಲ’ ಎಂಬಲ್ಲಿ ನಡುವೆ ಯಕಾರ ಬಂದು ಸೇರಿದೆ. ಸಂಧಿಯ ಹೆಸರುಗಳನ್ನು ಐದನೆಯ ತರಗತಿಯ ಒಳಗಿನವರಿಗೆ ಹೇಳಬೇಕಾಗಿಲ್ಲ. ಎರಡು ಪದಗಳನ್ನು ಬೇರೆ ಬೇರೆಯಾಗಿ ಹೇಳಿಸಿ, ಬಳಿಕ ಬೇಗನೆ ಕೂಡಿಸಿ ಹೇಳಿಸಿದರೆ ಯಕಾರ ತಾನಾಗಿಯೇ ಬಾಯಿಗೆ ಬರುತ್ತದೆ. ‘ಒರೆಸಿಕೊಂಡು’ ಎಂಬುದನ್ನು ‘ಒರೆಸಿ ಕೊಂಡು’ ಎಂದು ಒಡೆಯುವುದು, ‘ಬಾಗಿಲ ಬಳಿ’ ಎಂಬುದನ್ನು ಒಂದೇ ಪದವಾಗಿ ಅಂಟಿಸುವುದು ಬಹಳ ಸಾಮಾನ್ಯ. ಪದಗಳ ನಡುವಿನ ತೆರವು ಕೂಡ ಕಾಗುಣಿತದಷ್ಟೇ ಮುಖ್ಯ ಎಂದು ಮೊದಲ ವಾರದಿಂದಲೇ ರೂಢಿಸಿ. ಒಂದು ಬೆರಳಿನಷ್ಟು ಜಾಗ ಬಿಡುವುದು ಚಿಕ್ಕವರಿಗೆ ಸಾಕಾದ ಅಳತೆ.

ಲೇಖನ ಚಿಹ್ನೆಗಳು

ಅಲ್ಪವಿರಾಮ, ಉದ್ಧರಣ ಚಿಹ್ನೆ ಮೊದಲಾದವು ಕನ್ನಡಕ್ಕೆ ಅಚ್ಚಿನ ಕಾಲದಲ್ಲಿ ಬಂದವು; ಅದಕ್ಕೆ ಹಿಂದೆ ದಂಡಗಳಷ್ಟೇ ಇದ್ದವು. ಆದ್ದರಿಂದಲೋ ಏನೋ, ನಮ್ಮಲ್ಲಿ ಅವುಗಳನ್ನು ಅಲಂಕಾರದಂತೆ ಕಾಣುವವರು ಇಂದಿಗೂ ಇದ್ದಾರೆ, ಮತ್ತು ಉಕ್ತಲೇಖನ ತಿದ್ದುವಾಗ ಅವುಗಳ ಲೋಪವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸರಿಯಲ್ಲ. ಬಿಟ್ಟ ಅಲ್ಪವಿರಾಮವೂ ಬಿಟ್ಟ ದೀರ್ಘದಂತೆಯೇ ಒಂದು ತಪ್ಪು.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿರುವುದರಿಂದ ಪೂರ್ಣವಿರಾಮ ಕಲಿಸುವುದು ಸುಲಭ. ‘ಕೇಳಿದಳು’, ‘ನೋಡಿದಳು’, ‘ಮಲಗಿತ್ತು’ ಎಂದು ಕೆಲಸ ಮುಗಿದಲ್ಲಿ ಚುಕ್ಕೆ. ಕೆಲಸ ಮುಗಿಯದೆ ಮುಂದುವರಿಯುವ ‘ಕೆಳಗಿಟ್ಟು’, ‘ಒರೆಸಿಕೊಂಡು’ ಎಂಬಲ್ಲಿ ಅಲ್ಪವಿರಾಮ. ಆದರೆ ‘ಹೋಗಿ ನೋಡಿದಳು’ ಎಂಬಲ್ಲಿ ಎರಡೂ ಒಂದೇ ಉಸಿರಿನಲ್ಲಿ ನಡೆಯುವುದರಿಂದ ನಡುವೆ ಚಿಹ್ನೆ ಬೇಡ. ಈ ವ್ಯತ್ಯಾಸವನ್ನು ನಿಯಮವಾಗಿ ಹೇಳುವುದಕ್ಕಿಂತ ಎರಡು ರೀತಿಯಲ್ಲಿಯೂ ಓದಿ ತೋರಿಸುವುದು ಮೇಲು. ಸಂಬೋಧನೆಯ ಬಳಿಕ ಅಲ್ಪವಿರಾಮ ಬೇಕು: ‘ಅಜ್ಜಿ, ಹುಲಿ ಬಂದಿದೆಯಂತೆ’ ಎಂಬುದರಲ್ಲಿ ಅದನ್ನು ತೆಗೆದರೆ ಅಜ್ಜಿಯೂ ಹುಲಿಯೂ ಬೆರೆತು ಮಕ್ಕಳು ನಗುತ್ತಾರೆ, ಆ ನಗುವಿನಲ್ಲಿ ಪಾಠ ಉಳಿಯುತ್ತದೆ. ‘ರಾಗಿ, ಹುರುಳಿ, ಅವರೆ ಬೆಳೆದರು’ ಎಂದು ಪಟ್ಟಿ ಮಾಡಿದಾಗ ಅಲ್ಪವಿರಾಮ ಬೇಕು. ‘ರಾಗಿಯೂ ಹುರುಳಿಯೂ ಅವರೆಯೂ’ ಎಂದು ಪ್ರತ್ಯಯ ಸೇರಿದಾಗ ಆ ಪ್ರತ್ಯಯವೇ ಅದರ ಕೆಲಸ ಮಾಡುತ್ತದೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಉದ್ಧರಣ ಚಿಹ್ನೆಯ ಬಳಿ. ಕನ್ನಡದಲ್ಲಿ ಆಡಿದ ಮಾತು ಮುಗಿದದ್ದನ್ನು ‘ಎಂದು’ ಎಂಬ ಪದ ಸಾರಿ ಹೇಳುತ್ತದೆ. ಮಗುವಿಗೆ ಕೊಡಬೇಕಾದ ಸೂತ್ರ ಇಷ್ಟೇ: ‘ಎಂದು’, ‘ಎಂದನು’, ‘ಎಂದಳು’ ಕೇಳಿಸಿದ ಕೂಡಲೇ ಅದರ ಹಿಂದೆ ಚಿಹ್ನೆ ಮುಚ್ಚಬೇಕೇ ಎಂದು ನೋಡು, ಮುಚ್ಚಿದರೆ, ಎಲ್ಲಿ ತೆರೆದೆ ಎಂದು ಹುಡುಕು. ಮಾತಾಡಿದವರ ಹೆಸರು ಮೊದಲು ಬಂದರೆ ಅದರ ನಂತರ ಅಲ್ಪವಿರಾಮ, ಆಮೇಲೆ ಚಿಹ್ನೆ 66ರಂತೆ ತೆರೆಯುತ್ತದೆ, ಮಾತಿನ ಕೊನೆಯಲ್ಲಿ 99ರಂತೆ ಮುಚ್ಚುತ್ತದೆ: ಅಜ್ಜಿ, “ಒಳಗೆ ಬಾ” ಎಂದಳು. ಮಾತು ಪ್ರಶ್ನೆಯಾದರೆ ಪ್ರಶ್ನಾರ್ಥಕ ಚಿಹ್ನೆ ಒಳಗೇ ಇರಬೇಕು. ಸಾದಾ ಮಾತಾದರೆ ಮುಚ್ಚುವ ಮುನ್ನ ಪೂರ್ಣವಿರಾಮ ಹಾಕುವ ರೂಢಿಯೂ ಇದೆ, ಹಾಕದ ರೂಢಿಯೂ ಇದೆ. ವಾಕ್ಯ ಇನ್ನೂ ಮುಗಿಯದ ಕಾರಣ ಹಾಕದಿರುವುದನ್ನೇ ನಾನು ಇಷ್ಟಪಡುತ್ತೇನೆ. ಯಾವುದಾದರೂ ಒಂದನ್ನು ಇಡೀ ಶಾಲೆ ಪಾಲಿಸಿದರೆ ಮಗುವಿಗೆ ಗೊಂದಲವಾಗುವುದಿಲ್ಲ.

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗಲೂ ‘ಎಂದು’ ಬರುತ್ತದೆ, ತೊಡಕಿರುವುದು ಅಲ್ಲಿಯೇ. ‘ಹುಲಿ ಎಲ್ಲಿದೆ ಎಂದು ಮೊಮ್ಮಗಳು ಕೇಳಿದಳು’ ಎಂಬ ವಾಕ್ಯದಲ್ಲಿ ಉದ್ಧರಣ ಚಿಹ್ನೆಯೂ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ. ಕೊನೆಯಲ್ಲಿ ಪೂರ್ಣವಿರಾಮ ಮಾತ್ರ. ಇದೇ ಪದಗಳನ್ನು ಮಗುವಿನ ದನಿಯಲ್ಲಿ ಅಭಿನಯಿಸಿ ಓದಿದರೆ ಚಿಹ್ನೆಗಳು ಬೇಕಾಗುತ್ತವೆ. ಎರಡೂ ಬಗೆಯಲ್ಲಿ ಓದಿ, ಯಾವಾಗ ಮೊಮ್ಮಗಳೇ ಮಾತಾಡಿದಂತೆ ಕೇಳಿಸಿತು ಎಂದು ಕೇಳಿ. ಆರನೆಯ ತರಗತಿಯವರು ಇದನ್ನು ಒಂದೆರಡು ಪಾಠಗಳಲ್ಲಿ ಹಿಡಿಯುತ್ತಾರೆ. ಭಾವಸೂಚಕ ಚಿಹ್ನೆ ಒಂದೇ ಸಾಕು, ಮೂರು ಬೇಡ. ಅರ್ಧವಿರಾಮವನ್ನು ಐದನೆಯ ತರಗತಿಯವರೆಗೆ ನೀವೇ ಹೇಳಿ ಬರೆಸಿ.

ಹೇಳಿ ಬರೆಸುವುದು

ಹಲಗೆಯನ್ನು ಒರೆಸಿ. ಮೊದಲ ಓದು ಇಡೀ ಭಾಗದ್ದು, ಸಹಜ ವೇಗದ್ದು. ಮಕ್ಕಳ ಕೈಯಲ್ಲಿ ಆಗ ಪೆನ್ಸಿಲ್ ಇರಬಾರದು. ಎರಡನೆಯ ಓದಿನಲ್ಲಿ ಬರೆಸಬೇಕು, ಪದ ಪದವಾಗಿ ಅಲ್ಲ, ಅರ್ಥದ ತುಣುಕುಗಳಾಗಿ: ‘ಅಜ್ಜಿ ಹಾಲಿನ ಪಾತ್ರೆಯನ್ನು ಕೆಳಗಿಟ್ಟು’ ಎಂಬುದು ಒಂದು ತುಣುಕು, ‘ಕಣ್ಣು ಒರೆಸಿಕೊಂಡು’ ಎಂಬುದು ಇನ್ನೊಂದು. ತುಣುಕನ್ನು ಒಮ್ಮೆ ಹೇಳಿ, ಮಕ್ಕಳು ಮೆಲ್ಲನೆ ಮರುನುಡಿಯಲಿ, ಬಳಿಕ ಬರೆಯಲಿ. ಎರಡನೆಯ ಸಲ ಹೇಳದಿರುವುದು ಮೊದಲಲ್ಲಿ ಕಠಿಣವೆನಿಸಬಹುದು. ಆದರೆ ಮತ್ತೆ ಹೇಳುತ್ತಾರೆಂದು ಗೊತ್ತಿರುವ ಮಗು ಮೊದಲ ಸಲ ಕೇಳುವುದಿಲ್ಲ. ತರಗತಿಯ ಹೊರಗೆ ಗದ್ದಲವಿದ್ದು ಕೇಳಿಸದೆ ಹೋದರೆ ಆ ಮಾತು ಬೇರೆ.

ನಿಮ್ಮ ಉಚ್ಚಾರಣೆ ಸ್ಪಷ್ಟವಾಗಿರಲಿ, ಕೃತಕವಾಗಿರಬಾರದು. ಮಹಾಪ್ರಾಣವನ್ನು ಊದಿ ಹೇಳುವುದು, ಒತ್ತಕ್ಷರವನ್ನು ಎರಡಾಗಿ ಒಡೆದು ಹೇಳುವುದು, ತಪ್ಪಲಿರುವ ಮಗುವಿನ ಕಡೆ ನೋಡಿ ಹುಬ್ಬೇರಿಸುವುದು ಎಲ್ಲವೂ ಉತ್ತರವನ್ನು ಬಿಟ್ಟುಕೊಟ್ಟಂತೆ. ‘ಬರ್ತಾಳೆ’ ಎಂದು ಆಡುಮಾತಿನಲ್ಲಿ ಹೇಳಿ ‘ಬರುತ್ತಾಳೆ’ ಎಂದು ಬರೆಯಲಿ ಎಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮೂರನೆಯ ತರಗತಿಯವರೆಗೆ ಚಿಹ್ನೆಗಳನ್ನು ಹೆಸರಿಸಿ ಹೇಳಿ. ನಾಲ್ಕು, ಐದರಲ್ಲಿ ಉದ್ಧರಣ ಚಿಹ್ನೆಯನ್ನೂ ಅರ್ಧವಿರಾಮವನ್ನೂ ಮಾತ್ರ ಹೇಳಿ, ಉಳಿದದ್ದನ್ನು ದನಿಯ ಏರಿಳಿತದಲ್ಲಿ ತೋರಿಸಿ; ಅಲ್ಪವಿರಾಮಕ್ಕೆ ಒಂದು ಎಣಿಕೆಯಷ್ಟು, ಪೂರ್ಣವಿರಾಮಕ್ಕೆ ಎರಡು ಎಣಿಕೆಯಷ್ಟು ತಡೆದರೆ ಸಾಕು. ಆರರಿಂದ ಮುಂದೆ ಏನನ್ನೂ ಹೇಳಬೇಡಿ. ಮೂರನೆಯ ಓದು ಮತ್ತೆ ಇಡೀ ಭಾಗದ್ದು. ಆಗ ಮಕ್ಕಳು ತಮ್ಮ ಬರಹವನ್ನು ಬೆರಳಿಟ್ಟು ಹಿಂಬಾಲಿಸಿ, ಬಿಟ್ಟದ್ದನ್ನು ಸೇರಿಸಲಿ.

ತಿದ್ದುವುದು

ಮೊದಲ ತಿದ್ದುಪಡಿ ಮಗುವಿನದು. ಭಾಗವನ್ನು ಮತ್ತೆ ಹಲಗೆಯ ಮೇಲೆ ಬರೆದು ಅಥವಾ ಪುಸ್ತಕ ತೆರೆದುಕೊಟ್ಟು, ಒಂದೊಂದೇ ಪದವನ್ನು ಹೋಲಿಸಿ ನೋಡಲು ಹೇಳಿ. ತಪ್ಪು ಕಂಡ ಪದದ ಮೇಲೆ ಸಣ್ಣ ಕಾಗದದ ಚೂರನ್ನು ಅಂಟಿಸಿ, ಅದರ ಮೇಲೆ ಸರಿಯಾದ ರೂಪವನ್ನು ಬರೆಯಲಿ. ತಪ್ಪನ್ನು ಗೀಟು ಹಾಕಿ ಉಳಿಸಿದರೆ ಪುಟ ತೆರೆದಾಗಲೆಲ್ಲ ಮಗುವಿನ ಕಣ್ಣು ಸರಿ, ತಪ್ಪು ಎರಡನ್ನೂ ಒಟ್ಟಿಗೆ ಓದುತ್ತದೆ. ಅಂಕ ಕೊಡಬೇಡಿ. ಅದರ ಬದಲು ಪುಸ್ತಕದ ಹಿಂಬದಿಯಲ್ಲಿ ಹಕಾರ, ಣಕಾರ ಮತ್ತು ಳಕಾರ, ದೀರ್ಘ, ಒತ್ತಕ್ಷರ, ಮಹಾಪ್ರಾಣ, ಪದಗಳ ತೆರವು, ಚಿಹ್ನೆ ಎಂದು ಒಂದೊಂದಕ್ಕೆ ಒಂದು ಪುಟ ಮೀಸಲಿಟ್ಟು, ತಪ್ಪಿದ ಪದದ ಸರಿಯಾದ ರೂಪವನ್ನು ಆಯಾ ಪುಟದಲ್ಲಿ ಬರೆಸಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಯಾವ ಪುಟ ತುಂಬಿದೆ ಎಂಬುದು ಆ ಮಗುವಿಗೆ ಏನು ಕಲಿಸಬೇಕೆಂದು ನಿಮಗೆ ಹೇಳುತ್ತದೆ. ಒಬ್ಬಳ ಹಕಾರದ ಪುಟ ತುಂಬಿರುತ್ತದೆ, ಪಕ್ಕದಲ್ಲಿ ಕೂತವನ ಪುಟದಲ್ಲಿ ದೀರ್ಘಗಳದ್ದೇ ಸಾಲು. ಇಬ್ಬರಿಗೂ ಒಂದೇ ಪದವನ್ನು ಹಲವು ಸಲ ಬರೆಸುವುದರಲ್ಲಿ ಅರ್ಥವಿಲ್ಲ.

ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಪದದಲ್ಲಿ ತಪ್ಪಿದರೆ ಸಿದ್ಧತೆಯಲ್ಲಿ ಆ ಪದ ಬಿಟ್ಟುಹೋಗಿದೆ ಎಂದು ತಿಳಿದು, ಮುಂದಿನ ವಾರದ ಭಾಗದಲ್ಲಿ ಅದು ಮತ್ತೆ ಬರುವಂತೆ ನೋಡಿಕೊಳ್ಳಿ.

ವಾರದ ನಡೆ

ವಾರಕ್ಕೆ ಒಂದು ಭಾಗ ಸಾಕು. ಸೋಮವಾರ ಕಥೆಯ ಓದು, ಮಂಗಳವಾರ ಪದಗಳ ಸಿದ್ಧತೆ, ಬುಧವಾರ ಚಿಹ್ನೆಗಳ ಸಿದ್ಧತೆ ಮತ್ತು ನೋಡಿ ಬರೆಯುವುದು, ಗುರುವಾರ ಉಕ್ತಲೇಖನ, ಶುಕ್ರವಾರ ತಿದ್ದುಪಡಿ. ದಿನಕ್ಕೆ ಹದಿನೈದು ನಿಮಿಷ ಸಾಲುತ್ತದೆ. ಮೂರು ವಾರಗಳ ಬಳಿಕ ಅದೇ ಭಾಗವನ್ನು ಯಾವ ಸಿದ್ಧತೆಯೂ ಇಲ್ಲದೆ ಮತ್ತೆ ಹೇಳಿ ಬರೆಸಿ. ಕಲಿತದ್ದರಲ್ಲಿ ಉಳಿದದ್ದೆಷ್ಟು ಎಂಬುದು ಆಗ ತಿಳಿಯುತ್ತದೆ.

ನಮ್ಮ ಜಿಲ್ಲೆಗಳ ಚಿಕ್ಕ ಶಾಲೆಗಳಲ್ಲಿ ಒಂದೇ ಕೊಠಡಿಯಲ್ಲಿ ಹಲವು ತರಗತಿಗಳು ಕೂರುತ್ತವೆ. ಬಹುವರ್ಗ ಬೋಧನೆಯಲ್ಲಿ ಒಂದೇ ಕಥೆಯನ್ನು ಎಲ್ಲರಿಗೂ ಓದಿ, ಅದರಿಂದಲೇ ಬೇರೆ ಬೇರೆ ಉದ್ದದ ಭಾಗಗಳನ್ನು ತೆಗೆಯುವುದು ಅನುಕೂಲ. ಮೇಲಿನ ಉದಾಹರಣೆಯಲ್ಲಿ ಮೂರನೆಯ ವಾಕ್ಯ ಎರಡನೆಯ ತರಗತಿಗೆ ಸಾಕು; ನಾಲ್ಕೂ ವಾಕ್ಯಗಳು ಐದನೆಯ ತರಗತಿಗೆ. ಮನೆಯಲ್ಲಿ ಕನ್ನಡ ಓದಬಲ್ಲ ಹಿರಿಯರಿಲ್ಲದ ಮಕ್ಕಳಿಗಾಗಿ ಆ ವಾರದ ಭಾಗವನ್ನು ನಿಮ್ಮ ದನಿಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಪೋಷಕರಿಗೆ ಕಳುಹಿಸಿದರೆ, ಮಗು ಸಂಜೆ ಅದನ್ನು ಕೇಳಿಸಿಕೊಂಡು ಬರೆಯಬಹುದು. ತುಣುಕು ತುಣುಕಿನ ನಡುವೆ ಬರೆಯುವಷ್ಟು ಸಮಯ ಬಿಟ್ಟು ಓದಿರಿ.

ಒಂದು ವರ್ಷ ಈ ಕ್ರಮದಲ್ಲಿ ಬರೆದ ಮಕ್ಕಳಿಗೆ ತಿಂಗಳಿಗೊಮ್ಮೆ ಮೊದಲು ನೋಡಿರದ ಭಾಗವನ್ನು ಹೇಳಿ ಬರೆಸಬಹುದು. ಏಳನೆಯ ತರಗತಿಯ ಮಕ್ಕಳಿಗೆ ಇನ್ನೊಂದು ಹೊಣೆ ಕೊಡಿ: ಒಬ್ಬೊಬ್ಬರು ಸರದಿಯಂತೆ ಮೂರನೆಯ ತರಗತಿಯವರಿಗೆ ಎರಡು ವಾಕ್ಯಗಳನ್ನು ಆರಿಸಿ ಹೇಳಿ ಬರೆಸಲಿ. ಹೇಳುವ ಮಗು ಹಿಂದಿನ ದಿನ ಆ ವಾಕ್ಯಗಳನ್ನು ನಿಮ್ಮೆದುರು ಗಟ್ಟಿಯಾಗಿ ಓದಿ, ಎಲ್ಲಿ ತಡೆಯಬೇಕೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಚಿಕ್ಕವರು ತಪ್ಪಬಹುದಾದ ಮೂರು ಪದಗಳನ್ನು ತಾನೇ ಊಹಿಸಿ ಬರೆದುಕೊಂಡು ಬರಬೇಕು.